ಖಾಲಿ ಹಾಳೆಗೆ ಸಹಿ ಹಾಕುವ ಪಂಚರಾಗಬೇಡಿ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಇಂಗ್ಲೆಂಡಿಗೆ ಬಂದು 11 ವರ್ಷವಾಯಿತು. ಮಗನಿಗೆ 16. ಮಾರ್ಚ್ 9ರ ಸಂಜೆ ಟ್ಯೂಷನ್ ಮುಗಿಸಿ ಗೆಳೆಯನ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ ಇಬ್ಬರು ಪೊಲೀಸರು ತಡೆದು ಇಬ್ಬರ ಜೇಬು, ಬ್ಯಾಗು ಎಲ್ಲ ಹುಡುಕಿದರಂತೆ. ಏನೂ ಸಿಗಲಿಲ್ಲ, ಬಿಟ್ಟು ಕಳಿಸಿದರು. ಎರಡು ದಿನ ಅವನು ನಮಗೆ ಹೇಳಲೇ ಇಲ್ಲ. ಗೆಳೆಯನ ಮನೆಯವರು ನೈಜೀರಿಯಾದವರು. ಆ ಹುಡುಗನಿಗೆ ಇದು ನಾಲ್ಕನೇ ಸಲವಂತೆ. ಈಗ ಇಲ್ಲಿಯ ಸಮುದಾಯ ಕೇಂದ್ರದವರು ನನ್ನನ್ನು 'ಸ್ಟಾಪ್ ಅಂಡ್ ಸರ್ಚ್ ಸ್ಕ್ರೂಟಿನಿ ಪ್ಯಾನೆಲ್'ಗೆ, ಅಂದರೆ ಪೊಲೀಸರು ಹೀಗೆ ತಡೆದು ಹುಡುಕಿದ್ದರ ದಾಖಲೆಗಳನ್ನು ಪರಿಶೀಲಿಸುವ ಊರಿನವರ ಸಮಿತಿಗೆ, ಸೇರಿ ಎಂದು ಕರೆಯುತ್ತಿದ್ದಾರೆ. ನಮ್ಮ ಮನೆಯವರು, 'ಪೊಲೀಸರು ಕೊಡೋ ಟೀ ಕುಡಿದು ಬರೋಕೆ ಹೋಗ್ತೀಯಾ?' ಎಂದು ನಗುತ್ತಾರೆ. ಇದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ನಮ್ಮ ಬೆಂಗಳೂರಿನಲ್ಲಿ ಇಂಥದ್ದು ಇದೆಯೇ?

ಉತ್ತರ: ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಟೀ ಕುಡಿದು ಬರುವ ಪ್ಯಾನೆಲ್‌ಗಳು ಇವೆ. ನಾನೇ ಅಂಥದ್ದೊಂದರಲ್ಲಿ ಒಂದು ವರ್ಷ ಕೂತಿದ್ದೆ. ಬಿಸ್ಕತ್ತು ಚೆನ್ನಾಗಿತ್ತು. ಆಮೇಲೆ ಬೇರೆ ಊರಿಗೆ ಹೋದ ಮೇಲೆ, ಅಲ್ಲಿಯ ಪ್ಯಾನೆಲ್ ಕೆಲಸ ಮಾಡುವ ರೀತಿ ನೋಡಿ ನಾನು ಕಳೆದುಕೊಂಡ ವರ್ಷ ಎಂಥದ್ದು ಅಂತ ಗೊತ್ತಾಯಿತು. ಎರಡೂ ಕಡೆ ಕಾನೂನು ಒಂದೇ, ಕೊಡುವ ಕಾಗದಗಳೂ ಹೆಚ್ಚು ಕಡಿಮೆ ಒಂದೇ. ಒಂದು ಕಡೆ ಜನ ಕಾಗದ ಓದುತ್ತಿದ್ದರು. ಇನ್ನೊಂದು ಕಡೆ ಪವರ್‌ಪಾಯಿಂಟ್ ನೋಡುತ್ತಿದ್ದರು.

ಇದನ್ನು ಹೇಳುವಾಗಲೆಲ್ಲ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಅವರದು ಕಿರಾಣಿ ಅಂಗಡಿ. ಪೊಲೀಸ್ ಠಾಣೆಗೆ ನಾಲ್ಕು ಹೆಜ್ಜೆ. ಮಹಜರಿಗೆ ಪಂಚರು ಬೇಕಾದಾಗಲೆಲ್ಲ ಪೇದೆ ಬಂದು, 'ಅಣ್ಣಾ, ಒಂದು ಸಹಿ' ಎನ್ನುತ್ತಿದ್ದ. ಅಪ್ಪ ಕನ್ನಡಕ ಹುಡುಕುವ ಮೊದಲೇ ಸಹಿ ಮುಗಿದಿರುತ್ತಿತ್ತು. ಕೆಲವು ಸಲ ಹಾಳೆಯೂ ಖಾಲಿ. ಮುಂದೆ ಒಂದು ಕೇಸಿನಲ್ಲಿ ಕೋರ್ಟಿನಿಂದ ಸಮನ್ಸ್ ಬಂತು. ಚಾಕು ಎಷ್ಟು ಉದ್ದ ಇತ್ತು ಅಂತ ವಕೀಲರು ಕೇಳಿದರು. ಚಾಕು ಅಂತ ಒಂದಿತ್ತು ಅನ್ನುವುದೇ ಅಪ್ಪನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ನೋಡಿ, ಪಂಚರು ಅನ್ನುವ ಏರ್ಪಾಡಿನ ಹಿಂದಿನ ಯೋಚನೆ ಒಳ್ಳೆಯದೇ. ಪೊಲೀಸರು ಹುಡುಕುವಾಗ ಆ ಜಾಗದ ಇಬ್ಬರಾದರೂ ಸ್ವತಂತ್ರ, ಮರ್ಯಾದಸ್ಥ ನಿವಾಸಿಗಳು ಕಣ್ಣಾರೆ ನೋಡಬೇಕು ಅಂತ ನಮ್ಮ ದೇಶದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 100ನೇ ಕಲಮು ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ 103ನೇ ಕಲಮೂ ಅದನ್ನೇ ಹೇಳುತ್ತದೆ. ಊರಿನವರ ಕಣ್ಣು ಪೊಲೀಸರ ಕೈ ಮೇಲೆ ಇರಲಿ ಅಂತ. ಆ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರೆ, ಪಂಚರೇ ಇಲ್ಲದ ಮಹಜರಿಗಿಂತ ಅದು ಕೆಟ್ಟದ್ದು. ಯಾಕೆಂದರೆ ಈಗ ಸುಳ್ಳಿಗೂ ಇಬ್ಬರು ಸಾಕ್ಷಿ ಸಿಕ್ಕರು. ಪ್ಯಾನೆಲ್ ಕಥೆಯೂ ಇಷ್ಟೇ. 'ಸಮುದಾಯದ ಪ್ರತಿನಿಧಿಗಳು ಪರಿಶೀಲಿಸಿದ್ದಾರೆ' ಎಂದು ಪೊಲೀಸರು ವರದಿಯಲ್ಲಿ ಬರೆದುಕೊಳ್ಳಲು ನಿಮ್ಮ ಹೆಸರು ಬೇಕೋ, ನಿಜಕ್ಕೂ ಓದುವ ನಿಮ್ಮ ಕಣ್ಣು ಬೇಕೋ? ಮೊದಲ ಎರಡು ಸಭೆಗಳಲ್ಲೇ ಇದು ಗೊತ್ತಾಗಿಬಿಡುತ್ತದೆ.

ಈಗ ಕಾನೂನಿಗೆ ಬರೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಾರಿಯಲ್ಲಿ ತಡೆದು ಹುಡುಕುವ ಮುಖ್ಯ ಅಧಿಕಾರ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ 1ನೇ ಕಲಮಿನಿಂದ ಬರುತ್ತದೆ. ಇಲ್ಲಿ ಎಲ್ಲರೂ ಅದನ್ನು 'ಪೇಸ್' ಎನ್ನುತ್ತಾರೆ. ಕದ್ದ ಮಾಲು, ಆಯುಧ, ಕಳ್ಳತನದ ಸಲಕರಣೆ ಇಂಥವಕ್ಕೆ ಅದು. ಡ್ರಗ್ಸ್ ಹುಡುಕುವ ಅಧಿಕಾರ ಬೇರೆ, 1971ರ ಮಾದಕ ವಸ್ತು ಕಾಯ್ದೆಯ 23ನೇ ಕಲಮು. ದೇಶದಲ್ಲಿ ನಡೆಯುವ ತಪಾಸಣೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರಗ್ಸ್ ಹೆಸರಿನಲ್ಲೇ. ಎರಡಕ್ಕೂ ಅಧಿಕಾರಿಗೆ 'ಸಕಾರಣ ಅನುಮಾನ' ಇರಬೇಕು. ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ನಿಯಮಾವಳಿಗೆ 'ಕೋಡ್ ಎ' ಅಂತ ಹೆಸರು. ಪ್ಯಾನೆಲ್‌ಗೆ ಹೋಗುವುದಾದರೆ ಬೇರೆ ಏನೂ ಓದದಿದ್ದರೂ ಇದನ್ನು ಓದಿ. ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಭಾನುವಾರ ಮಧ್ಯಾಹ್ನದ ಕೆಲಸ.

ಅದರಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರವಿರುವುದು 5.4ನೇ ಅಂಶದಲ್ಲಿ. ತಪಾಸಣೆಯ ದಾಖಲೆಗಳನ್ನು ಸಮುದಾಯದ ಪ್ರತಿನಿಧಿಗಳು ಪರಿಶೀಲಿಸಲು ಪೊಲೀಸರು ಏರ್ಪಾಡು ಮಾಡಲೇಬೇಕು ಅಂತ ಅಲ್ಲಿದೆ. ಹಾಗಾಗಿ ನಿಮ್ಮನ್ನು ಒಳಗೆ ಕೂರಿಸಿಕೊಂಡು ಪೊಲೀಸರು ಏನೋ ಉಪಕಾರ ಮಾಡುತ್ತಿಲ್ಲ. ಅದು ಅವರ ಕರ್ತವ್ಯ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಕುರ್ಚಿಯಲ್ಲಿ ಕೂರುವ ರೀತಿಯೇ ಬದಲಾಗುತ್ತದೆ.

ಈ ನಿಯಮ ಸುಮ್ನೆ ಬಂದದ್ದಲ್ಲ. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಪೊಲೀಸರು 'ಸ್ವಾಂಪ್ 81' ಅನ್ನುವ ಕಾರ್ಯಾಚರಣೆ ನಡೆಸಿದರು. ಕೆಲವೇ ದಿನಗಳಲ್ಲಿ 943 ಜನರನ್ನು ತಡೆದರು. ಬಂಧಿಸಿದ್ದು 118. ಅದರ ಬೆನ್ನಿಗೇ ದೊಡ್ಡ ಗಲಭೆ ಹೊತ್ತಿಕೊಂಡಿತು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್, ಪೊಲೀಸರು ಸ್ಥಳೀಯ ಜನರ ಜೊತೆ ಮಾತಾಡುವ ಕಾಯಂ ವ್ಯವಸ್ಥೆ ಬೇಕು ಎಂದರು. ಸಾಮಾನ್ಯ ಜನ ಠಾಣೆಗೆ ಹೋಗಿ ಲಾಕಪ್ ನೋಡಿ ಬರುವ ಪದ್ಧತಿಗೂ ಅವರ ವರದಿಯೇ ಮೂಲ. ಮುಂದೆ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆ ತನಿಖೆ ಹಾಳಾದ ಬಗ್ಗೆ ಮ್ಯಾಕ್‌ಫರ್ಸನ್ ವರದಿ ಬಂತು, 1999ರಲ್ಲಿ. ಪ್ರತಿಯೊಂದು ತಡೆಗೂ ಬರಹದ ದಾಖಲೆ ಇರಬೇಕು, ಕಾರಣ ಬರೆಯಬೇಕು, ತಡೆಸಿಕೊಂಡವನಿಗೆ ಪ್ರತಿ ಕೊಡಬೇಕು, ಅದನ್ನೆಲ್ಲ ವಿಶ್ಲೇಷಿಸಿ ಪ್ರಕಟಿಸಬೇಕು ಎಂದು ಅದು ಹೇಳಿತು. ಹುಡುಕದೆ ಬರೀ ತಡೆದು ಪ್ರಶ್ನೆ ಕೇಳಿದ್ದಕ್ಕೂ ಕೆಲವು ವರ್ಷ ದಾಖಲೆ ಕಡ್ಡಾಯವಾಗಿತ್ತು. 2011ರಲ್ಲಿ 'ಕಾಗದದ ಕೆಲಸ ಜಾಸ್ತಿ' ಎಂದು ದೇಶಮಟ್ಟದಲ್ಲಿ ಅದನ್ನು ಕೈಬಿಟ್ಟರು. ನನಗೆ ಇದು ಇವತ್ತಿಗೂ ಬೇಸರ. ಕಾಗದವಿಲ್ಲದ ತಡೆಗೆ ಪ್ಯಾನೆಲ್ಲೂ ಇಲ್ಲ, ಪಂಚರೂ ಇಲ್ಲ.

ಸರಿ, ಸಭೆಯಲ್ಲಿ ಏನು ನಡೆಯುತ್ತದೆ? ಊರಿಂದ ಊರಿಗೆ ಬೇರೆ. ಸಾಮಾನ್ಯವಾಗಿ ಒಂದೆರಡು ತಿಂಗಳಿಗೊಮ್ಮೆ ಸೇರುತ್ತಾರೆ. ಹೆಸರು, ವಿಳಾಸ ತೆಗೆದ ಒಂದಷ್ಟು ದಾಖಲೆಗಳನ್ನು ಕೊಡುತ್ತಾರೆ. ಕೆಲವು ಕಡೆ ಬಾಡಿ ಕ್ಯಾಮೆರಾದ ವಿಡಿಯೊ ತೋರಿಸುತ್ತಾರೆ. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಹಿನ್ನೆಲೆ ಪರೀಕ್ಷೆಯೂ ಇರಬಹುದು. ಹಲವು ಪ್ಯಾನೆಲ್‌ಗಳು ಪ್ರತಿ ದಾಖಲೆಗೂ ಟ್ರಾಫಿಕ್ ದೀಪದಂತೆ ಹಸಿರು, ಹಳದಿ, ಕೆಂಪು ಗುರುತು ಹಾಕುತ್ತವೆ.

ದಾಖಲೆಯಲ್ಲಿ ಎಷ್ಟೋ ಕಾಲಂ ಇರುತ್ತವೆ. ದಿನ, ಹೊತ್ತು, ಜಾಗ, ಏನನ್ನು ಹುಡುಕಿದರು, ಏನು ಸಿಕ್ಕಿತು, ಅಧಿಕಾರಿಯ ಗುರುತು. ಜನಾಂಗ ಎರಡು ಸಲ ಬರುತ್ತದೆ: ತಡೆಸಿಕೊಂಡವನು ತಾನೇ ಹೇಳಿಕೊಂಡದ್ದು ಒಂದು, ಅಧಿಕಾರಿಯ ಕಣ್ಣಿಗೆ ಕಂಡದ್ದು ಇನ್ನೊಂದು. ನಿಮ್ಮ ಮಗ ತಾನು ಭಾರತೀಯ ಎಂದಿದ್ದರೆ ಅವನ ಕಾಲಂನಲ್ಲಿ 'ಎ1' ಎಂದಿರುತ್ತದೆ. ಇವೆಲ್ಲ ಬೇಕು. ಆದರೆ ನಿಮ್ಮ ಸಮಯದ ಮುಕ್ಕಾಲು ಪಾಲು ಒಂದೇ ಕಾಲಂಗೆ ಕೊಡಿ. 'ಗ್ರೌಂಡ್ಸ್', ಅಂದರೆ ಕಾರಣ.

ಮಾದರಿಗೆ ಹೇಳುತ್ತೇನೆ. ಒಂದು ದಾಖಲೆಯಲ್ಲಿ ಹೀಗಿದೆ ಅಂದುಕೊಳ್ಳಿ: 'ಡ್ರಗ್ಸ್‌ಗೆ ಹೆಸರಾದ ಜಾಗ. ಪೊಲೀಸರನ್ನು ನೋಡಿ ಗಲಿಬಿಲಿಗೊಂಡ.' ಓದಿದರೆ ಸರಿ ಎನಿಸುತ್ತದೆ, ಅಲ್ವಾ? ಈಗ ನಿಧಾನಕ್ಕೆ ಬಿಡಿಸಿ. ಆ ಜಾಗದಲ್ಲಿ ಬಸ್ ನಿಲ್ದಾಣ ಇದೆ, ದಿನಕ್ಕೆ ನೂರಾರು ಜನ ಓಡಾಡುತ್ತಾರೆ. ಅವರಲ್ಲಿ ಈ ಹುಡುಗನೇ ಯಾಕೆ? ಗಲಿಬಿಲಿ ಅಂದರೆ ಏನು ಮಾಡಿದ? ಕೈ ಜೇಬಿಗೆ ಹೋಯಿತಾ, ಏನಾದರೂ ಎಸೆದನಾ, ದಿಕ್ಕು ಬದಲಿಸಿದನಾ? 16ರ ಹುಡುಗ ಸಮವಸ್ತ್ರದ ಎದುರು ಗಲಿಬಿಲಿಗೊಳ್ಳದೆ ಇನ್ನೇನು ಮಾಡುತ್ತಾನೆ? ಈ ಬರಹದಲ್ಲಿ ಆ ಹುಡುಗನ ಬಗ್ಗೆ ಏನೂ ಇಲ್ಲ. ಅವನ ಜಾಗದಲ್ಲಿ ಯಾರನ್ನು ಇಟ್ಟರೂ ವಾಕ್ಯ ಹಾಗೇ ನಿಲ್ಲುತ್ತದೆ. ನಾನು ಹೊಸ ಸದಸ್ಯರಿಗೆ ಹೇಳಿಕೊಡುವ ಪರೀಕ್ಷೆ ಇದೊಂದೇ: ಹೆಸರು ಬದಲಿಸಿದರೂ ವಾಕ್ಯ ನಿಂತರೆ, ಅದು ಕಾರಣ ಅಲ್ಲ.

ಇನ್ನೊಂದು ಮಾದರಿ: 'ಐದು ನಿಮಿಷದ ಹಿಂದೆ ಪಕ್ಕದ ರಸ್ತೆಯಲ್ಲಿ ಸೈಕಲ್ ಕಳುವಾದ ಕರೆ ಬಂತು. ಹಸಿರು ಜಾಕೆಟ್, ಬಿಳಿ ಶೂ ಎಂದು ಹೇಳಿದ್ದರು. ಹಸಿರು ಜಾಕೆಟ್, ಬಿಳಿ ಶೂ ಹಾಕಿದ್ದ ಇವನು ಆ ಕಡೆಯಿಂದಲೇ ಬರುತ್ತಿದ್ದ, ಕೈಗೆ ಗ್ರೀಸ್ ಮೆತ್ತಿತ್ತು.' ಏನೂ ಸಿಗದೇ ಹೋಗಿರಬಹುದು. ಆದರೂ ಇದು ಸರಿಯಾದ ತಪಾಸಣೆ. ಸಿಕ್ಕಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಹೊಸಬರು ಇಲ್ಲಿ ಎಡವುತ್ತಾರೆ. ಏನೋ ಸಿಕ್ಕಿದ್ದರೆ ಹಸಿರು, ಸಿಗದಿದ್ದರೆ ಕೆಂಪು ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ.

ಕೋಡ್ ಎ ಇದರ ಬಗ್ಗೆ ತುಂಬ ಖಡಕ್ಕಾಗಿದೆ. ಮೈಬಣ್ಣ, ವಯಸ್ಸು, ವೇಷ, ಹಿಂದೆ ಶಿಕ್ಷೆಯಾಗಿತ್ತು ಅನ್ನುವ ಮಾಹಿತಿ, ಇವಷ್ಟನ್ನೇ ಇಟ್ಟುಕೊಂಡು ಅನುಮಾನ ಪಡುವಂತಿಲ್ಲ. 'ಇಂಥ ಜನ ಹೀಗೇ' ಅನ್ನುವ ಲೆಕ್ಕಾಚಾರವೂ ನಡೆಯುವುದಿಲ್ಲ. ತಡೆದ ಮೇಲೆ ಪ್ರಶ್ನೆ ಕೇಳಿ, ಹುಡುಗ ಉತ್ತರ ಕೊಡಲಿಲ್ಲ ಎನ್ನುವುದನ್ನೇ ಕಾರಣ ಮಾಡಿಕೊಳ್ಳುವಂತಿಲ್ಲ. ತಡೆಯುವ ಮೊದಲೇ ಕಾರಣ ಇರಬೇಕು. ಇನ್ನೊಂದು ಅಂಶ ನನಗೆ ಬಹಳ ಇಷ್ಟ: ಅಧಿಕಾರ ಇಲ್ಲದಿದ್ದರೆ, ಎದುರಿನವನು ಒಪ್ಪಿದರೂ ಹುಡುಕುವಂತಿಲ್ಲ. 'ಅವನೇ ಜೇಬು ತೋರಿಸಿದ ಸರ್' ಅನ್ನುವ ನಮ್ಮ ಕಡೆಯ ಉತ್ತರ ಇಲ್ಲಿ ಕಾಗದದ ಮೇಲೆ ನಡೆಯುವುದಿಲ್ಲ.

ಗಾಂಜಾ ವಾಸನೆ ನಿಮಗೆ ಎದುರಾಗುವ ಅತಿ ದೊಡ್ಡ ಜಗಳ. ದಾಖಲೆ ಮೇಲೆ ದಾಖಲೆ, 'ಗಾಂಜಾ ವಾಸನೆ ಬಂತು' ಎಂದಿರುತ್ತದೆ. ವಾಸನೆ ಕ್ಯಾಮೆರಾದಲ್ಲಿ ಬರುವುದಿಲ್ಲ, ಕಾಗದದಲ್ಲೂ ಉಳಿಯುವುದಿಲ್ಲ. ಸುಳ್ಳು ಎನ್ನಲು ದಾರಿಯಿಲ್ಲ, ನಿಜ ಎನ್ನಲೂ ಇಲ್ಲ. ವಾಸನೆಯಂಥ ಒಂದೇ ಒಂದು ಅಂಶದ ಮೇಲೆ ನಿಂತು ಹುಡುಕುವುದು ಒಳ್ಳೆಯ ಪದ್ಧತಿಯಲ್ಲ ಎಂದು ಪೊಲೀಸರ ತರಬೇತಿಯ ಕಾಲೇಜೇ ಹೇಳುತ್ತದೆ. ಆದ್ದರಿಂದ ಕೇಳಿ: ವಾಸನೆಯ ಜೊತೆ ಇನ್ನೇನಿತ್ತು? ನಾಲ್ಕು ಜನ ನಿಂತಿದ್ದರೆ ವಾಸನೆ ಯಾರಿಂದ ಬಂತು ಅಂತ ಹೇಗೆ ಗೊತ್ತಾಯಿತು? ವಾಸನೆ ಎಂದು ತಡೆದ ಇಷ್ಟು ತಪಾಸಣೆಗಳಲ್ಲಿ ಎಷ್ಟರಲ್ಲಿ ಗಾಂಜಾ ಸಿಕ್ಕಿದೆ? ಈ ಕೊನೆಯ ಪ್ರಶ್ನೆ ಒಂದು ದಾಖಲೆಯಿಂದ ತೀರುವಂಥದ್ದಲ್ಲ. ಆರು ತಿಂಗಳ ಲೆಕ್ಕ ಕೇಳಬೇಕು. ನಾವು ಕೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮುಂದಿನ ಸಭೆಗೆ ಲೆಕ್ಕ ಬಂತು. ಅದಾದ ಮೇಲೆ ಬಂದ ದಾಖಲೆಗಳಲ್ಲಿ ಕಾರಣದ ಕಾಲಂ ಉದ್ದವಾಗುತ್ತಾ ಹೋಯಿತು. ಬಲವಂತದಿಂದ ಆದದ್ದಲ್ಲ ಅದು. ಯಾರೋ ಓದುತ್ತಾರೆ ಎಂದು ಗೊತ್ತಾದರೆ ಬರೆಯುವವನ ಕೈ ಬದಲಾಗುತ್ತದೆ.

ಯಾರೂ ಓದದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅಂಕಿ ಇದೆ. 2013ರಲ್ಲಿ ಪೊಲೀಸ್ ಇಲಾಖೆಗಳನ್ನು ಪರಿಶೀಲಿಸುವ ಸರ್ಕಾರಿ ಇನ್‌ಸ್ಪೆಕ್ಟರೇಟ್ 8,783 ದಾಖಲೆಗಳನ್ನು ತೆಗೆದು ನೋಡಿತು. ಅವುಗಳಲ್ಲಿ 27 ಶೇಕಡಾ ದಾಖಲೆಗಳಲ್ಲಿ ಸಾಕಾಗುವಷ್ಟು ಕಾರಣವೇ ಇರಲಿಲ್ಲ. ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ! ಇವು ಅಧಿಕಾರಿಗಳೇ ತಮ್ಮ ಕೈಯಾರೆ ಬರೆದದ್ದು, ಮೇಲಿನವರು ನೋಡಿ ಬಿಟ್ಟದ್ದು. ಮರುವರ್ಷ ಆಗಿನ ಗೃಹ ಸಚಿವೆ ಥೆರೇಸಾ ಮೇ ಹೊಸ ಯೋಜನೆಯೊಂದನ್ನು ತಂದರು. ಫಲಿತಾಂಶಗಳನ್ನು ವಿವರವಾಗಿ ಬರೆಯುವುದು, ಜನ ಪೊಲೀಸರ ಜೊತೆ ಗಸ್ತಿಗೆ ಹೋಗಿ ನೋಡುವುದು, ದೂರು ಜಾಸ್ತಿಯಾದರೆ ಸಮುದಾಯದ ಗುಂಪಿಗೆ ಪೊಲೀಸರು ವಿವರಣೆ ಕೊಡುವುದು ಎಲ್ಲ ಅದರಲ್ಲಿದ್ದವು. 2010–11ರಲ್ಲಿ ಸುಮಾರು 12 ಲಕ್ಷ ಇದ್ದ ವಾರ್ಷಿಕ ತಪಾಸಣೆ 2017–18ರ ಹೊತ್ತಿಗೆ 3 ಲಕ್ಷಕ್ಕಿಂತ ಕೆಳಗೆ ಬಂತು. ಆಮೇಲೆ ಚಾಕು ಇರಿತ ಜಾಸ್ತಿಯಾಯಿತು ಎಂಬ ಕೂಗಿನ ಜೊತೆ ಮತ್ತೆ ಏರಿತು. ಈ ಏರಿಳಿತಕ್ಕೆ ರಾಜಕೀಯವೇ ಮುಖ್ಯ ಕಾರಣ. ಪ್ಯಾನೆಲ್‌ಗಳಿಂದಲೇ ಇಳಿಯಿತು ಎಂದರೆ ಜಂಬ ಕೊಚ್ಚಿಕೊಂಡಂತೆ.

ನಿಮ್ಮ ಮಗನ ಗೆಳೆಯನಿಗೆ ನಾಲ್ಕನೇ ಸಲ ಎಂದಿರಿ. ಅದು ಬರೀ ಅವನ ಕೆಟ್ಟ ಗ್ರಹಚಾರ ಅಲ್ಲ. 2018–19ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರತಿ 1,000 ಬಿಳಿಯರಿಗೆ 4, ಏಷ್ಯನ್ನರಿಗೆ 11, ಕಪ್ಪು ಜನರಿಗೆ 38 ತಪಾಸಣೆ ನಡೆದಿದ್ದವು. ಈಚಿನ ವರ್ಷಗಳಲ್ಲಿ ಅಂತರ ಕಡಿಮೆಯಾಗಿದೆ, ಆದರೆ ಹೋಗಿಲ್ಲ. ಪ್ಯಾನೆಲ್‌ಗೆ ಸೇರಿದರೆ ನಿಮ್ಮ ಮಗನಿಗಿಂತ ಜಾಸ್ತಿ ಆ ಹುಡುಗನ ಪರವಾಗಿ ಓದಬೇಕಾಗುತ್ತದೆ. ನಮ್ಮವರಲ್ಲಿ ಕೆಲವರು, 'ನಮ್ಮ ಹುಡುಗರನ್ನು ಸುಮ್ನೆ ಹಿಡಿದರು, ಅವರನ್ನು ಹಿಡಿದರೆ ಕಾರಣ ಇರುತ್ತೆ' ಎಂದು ಸಭೆಯಲ್ಲೇ ಹೇಳಿದ್ದನ್ನು ಕೇಳಿದ್ದೇನೆ. ನನಗೆ ನಾಚಿಕೆಯಾಗಿತ್ತು. ನಿಮ್ಮ ಪತ್ರದಲ್ಲಿ ಆ ಧಾಟಿ ಇಲ್ಲದ್ದು ನೋಡಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಪ್ರದೇಶದ ಅಂಕಿಗಳನ್ನು ಪೊಲೀಸರು ಕೊಡುವವರೆಗೆ ಕಾಯಬೇಕಿಲ್ಲ. ಡೇಟಾ ಡಾಟ್ ಪೊಲೀಸ್ ಡಾಟ್ ಯುಕೆ ಎಂಬ ಸರ್ಕಾರಿ ತಾಣದಲ್ಲಿ ಬಹುತೇಕ ಇಲಾಖೆಗಳ ತಪಾಸಣೆ ವಿವರ ತಿಂಗಳು ತಿಂಗಳು ಸಿಗುತ್ತದೆ. ಹೊತ್ತು, ವಯಸ್ಸಿನ ಗುಂಪು, ಜನಾಂಗ, ಹುಡುಕಿದ ವಸ್ತು, ಫಲಿತಾಂಶ ಎಲ್ಲ ಇರುತ್ತದೆ. ಎಕ್ಸೆಲ್‌ನಲ್ಲಿ ತೆರೆದು ನಿಮ್ಮ ಬಡಾವಣೆಯದ್ದನ್ನು ಸೋಸಿಕೊಳ್ಳಿ. ನಮ್ಮ ಕನ್ನಡದ ಮನೆಗಳಲ್ಲಿ ಎಕ್ಸೆಲ್ ಗೊತ್ತಿರುವವರಿಗೇನು ಬರ! ನಿಮ್ಮ ಮನೆಯವರನ್ನೇ ಈ ಕೆಲಸಕ್ಕೆ ಹಚ್ಚಿ. ನಗುವುದು ತಾನಾಗಿ ನಿಲ್ಲುತ್ತದೆ. ಕಾರಣದ ಕಾಲಂ ಮಾತ್ರ ಆ ತಾಣದಲ್ಲಿ ಇರುವುದಿಲ್ಲ. ಅದಕ್ಕೇ ಪ್ಯಾನೆಲ್ ಬೇಕು.

ಕಾರಣವೇ ಬೇಡದ ಒಂದು ಅಧಿಕಾರವೂ ಇದೆ. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 60ನೇ ಕಲಮು. ಒಂದು ಪ್ರದೇಶದಲ್ಲಿ ಗಂಭೀರ ಹೊಡೆದಾಟ ಆಗಬಹುದು ಎಂದು ಅನಿಸಿದರೆ ಇನ್‌ಸ್ಪೆಕ್ಟರ್ ದರ್ಜೆಯವರು 24 ಗಂಟೆ ಆದೇಶ ಹೊರಡಿಸಬಹುದು, ಮೇಲಿನವರು ಅದನ್ನು 48 ಗಂಟೆವರೆಗೆ ಎಳೆಯಬಹುದು. ಆ ಹೊತ್ತಿನಲ್ಲಿ ಅಲ್ಲಿ ಯಾರನ್ನಾದರೂ ಆಯುಧಕ್ಕಾಗಿ ಹುಡುಕಬಹುದು, ಆ ವ್ಯಕ್ತಿಯ ಮೇಲೆ ಅನುಮಾನ ಇರಬೇಕಿಲ್ಲ. 2019–20ರಲ್ಲಿ ಇದರಡಿ 18,081 ತಪಾಸಣೆ ನಡೆದವು. ಬಂಧನವಾದದ್ದು ಸುಮಾರು 4 ಶೇಕಡಾ. ಇಲ್ಲಿ ಒಬ್ಬೊಬ್ಬರ ದಾಖಲೆ ಓದಿ ಪ್ರಯೋಜನವಿಲ್ಲ. ಆದೇಶವನ್ನೇ ಓದಬೇಕು. ಯಾವ ಮಾಹಿತಿ ಮೇಲೆ ಹೊರಡಿಸಿದರು, ನಕ್ಷೆಯ ಗೆರೆ ಯಾಕೆ ಅಲ್ಲಿಯವರೆಗೆ ಹೋಯಿತು, ಜನರಿಗೆ ಮೊದಲೇ ಹೇಳಿದರಾ? ಆದೇಶವನ್ನು ತೋರಿಸಲು ಒಪ್ಪದ ಇಲಾಖೆಗಳಿವೆ. 2021ರಲ್ಲಿ ಕ್ರಿಮಿನಲ್ ಜಸ್ಟಿಸ್ ಅಲಯನ್ಸ್ ಎಂಬ ಸಂಸ್ಥೆಗಳ ಒಕ್ಕೂಟ ಈ 60ನೇ ಕಲಮಿನ ಮೇಲೆ 'ಸೂಪರ್ ಕಂಪ್ಲೇಂಟ್', ಅಂದರೆ ಒಬ್ಬ ಅಧಿಕಾರಿಯ ಮೇಲಲ್ಲ, ಇಡೀ ಪದ್ಧತಿಯ ಮೇಲಿನ ದೂರು, ಹಾಕಿತ್ತು. ಸಮುದಾಯದ ನಿಗಾ ಸಾಲದು ಎನ್ನುವುದೂ ಅದರಲ್ಲೊಂದು ದೂರು.

ಮರೆಯಲ್ಲಿ ನಡೆಯುವ ಆದೇಶ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಇಲ್ಲಿ ಹಳೆಯ ಪಾಠವಿದೆ. 2000ದ ಭಯೋತ್ಪಾದನೆ ಕಾಯ್ದೆಯ 44ನೇ ಕಲಮೂ ಅನುಮಾನವಿಲ್ಲದೆ ಹುಡುಕಲು ಬಿಡುತ್ತಿತ್ತು; ಅದರ ಆದೇಶ ಇಡೀ ಲಂಡನ್ನಿಗೆ ವರ್ಷಗಟ್ಟಲೆ ಸದ್ದಿಲ್ಲದೆ ನವೀಕರಣವಾಗುತ್ತಿತ್ತು. 2003ರಲ್ಲಿ ಆಯುಧ ಮೇಳದ ಹತ್ತಿರ ತಡೆಸಿಕೊಂಡ ಇಬ್ಬರು, ಒಬ್ಬ ವಿದ್ಯಾರ್ಥಿ, ಒಬ್ಬ ಪತ್ರಕರ್ತೆ, ಕೋರ್ಟಿಗೆ ಹೋದಾಗಲೇ ಅದು ಹೊರಬಿದ್ದದ್ದು. 2010ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಇದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು.

ಪ್ಯಾನೆಲ್‌ಗೆ ಏನು ಆಗುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಯಾರನ್ನೂ ಶಿಕ್ಷಿಸಲು ಆಗುವುದಿಲ್ಲ. ಅಧಿಕಾರಿಯ ಹೆಸರು ಸಾಮಾನ್ಯವಾಗಿ ನಿಮಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಕೆಂಪು ಗುರುತನ್ನು ಅವರು ಒಪ್ಪಲೇಬೇಕು ಅಂತಿಲ್ಲ. ಮೇಲಧಿಕಾರಿ ಅವನ ಜೊತೆ ಮಾತಾಡಬಹುದು, ತರಬೇತಿಗೆ ಕಳಿಸಬಹುದು, ಏನೂ ಮಾಡದೆಯೂ ಇರಬಹುದು. ಹಾಗಾಗಿ ಸೇರುವ ಮುನ್ನ ಕೆಲವು ಕೇಳಿ. ದಾಖಲೆಗಳನ್ನು ಆರಿಸುವವರು ಯಾರು? ಪೊಲೀಸರೇ ಆರಿಸಿದರೆ ಒಳ್ಳೊಳ್ಳೆಯವೇ ಬರುತ್ತವೆ, ಅಂಗಡಿಯವನು ಬುಟ್ಟಿಯ ಮೇಲೆ ಚೆಲುವಾದ ಟೊಮೆಟೊ ಜೋಡಿಸಿದ ಹಾಗೆ. ಲಾಟರಿಯಂತೆ ಎತ್ತಬೇಕು, ಅಥವಾ ನೀವು ಕೇಳಿದ ಬಗೆಯವು ಬರಬೇಕು: ಈ ತಿಂಗಳು 18ರ ಒಳಗಿನವರದ್ದು, ಮುಂದಿನ ತಿಂಗಳು ಕೈಕೋಳ ಹಾಕಿದ್ದು. ಅಧ್ಯಕ್ಷರು ಯಾರು, ಪೊಲೀಸರೋ ಊರಿನವರೋ? ನಡಾವಳಿ ಪ್ರಕಟವಾಗುತ್ತದಾ? ಹಿಂದಿನ ಸಭೆಯ ಕೆಂಪು ಗುರುತುಗಳಿಗೆ ಏನಾಯಿತು ಅಂತ ಮುಂದಿನ ಸಭೆಯಲ್ಲಿ ಹೇಳುತ್ತಾರಾ? ಮೇಜಿನ ಸುತ್ತ ತಪಾಸಣೆಗೆ ಒಳಗಾದ ವಯಸ್ಸಿನವರು ಯಾರಾದರೂ ಇದ್ದಾರಾ, ಅಥವಾ ಎಲ್ಲರೂ ನನ್ನ ಹಾಗೆ ತಲೆ ನರೆತವರೇ?

ಇವುಗಳಲ್ಲಿ ಹಿಂದಿನ ಗುರುತಿಗೆ ಏನಾಯಿತು ಅನ್ನುವುದಕ್ಕೆ ಉತ್ತರವೇ ಇಲ್ಲದಿದ್ದರೆ ನೀವು ಹೋಗುವುದು ನಮ್ಮಪ್ಪನ ಅಂಗಡಿಗೆ ಅಂತ ತಿಳಿಯಿರಿ. ಹಾಗಂತ ಹೋಗಬೇಡಿ ಎನ್ನುವುದಿಲ್ಲ. ಮೂರು ಸಭೆ ನೋಡಿ. ಪ್ರಶ್ನೆಗಳನ್ನು ಬರೆದು ಕೊಡಿ, ನಡಾವಳಿಯಲ್ಲಿ ಸೇರಿಸಲು ಹೇಳಿ. ಆಮೇಲೂ ಏನೂ ಆಗದಿದ್ದರೆ ಕಾರಣ ಬರೆದು ಹೊರಬನ್ನಿ. ನಾನು ಮೊದಲ ಪ್ಯಾನೆಲ್‌ನಿಂದ ಸುಮ್ಮನೆ ಜಾರಿಕೊಂಡೆ. ಬರೆದು ಬರಬೇಕಿತ್ತು.

ಬೆಂಗಳೂರಿನ ಬಗ್ಗೆ ಕೇಳಿದ್ದೀರಿ. ರಾತ್ರಿ ನಾಕಾಬಂದಿಯಲ್ಲಿ ಡಿಕ್ಕಿ ತೆಗೆಸುವುದು, ಬ್ಯಾಗು ನೋಡುವುದು ನಮಗೆಲ್ಲ ಗೊತ್ತು. ಹಾಗೆ ತಡೆಸಿಕೊಂಡವನಿಗೆ ಕಾರಣ ಬರೆದ ಚೀಟಿ ಕೊಡುವ, ಆ ಚೀಟಿಗಳನ್ನು ಊರಿನವರು ಕೂತು ಓದುವ ಇಲ್ಲಿಯಂಥ ವ್ಯವಸ್ಥೆ ಅಲ್ಲಿ ಇಲ್ಲ. ಬೇರೆ ರಕ್ಷಣೆಗಳಿವೆ. ಡ್ರಗ್ಸ್‌ಗಾಗಿ ಮೈ ಹುಡುಕುವಾಗ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಹುಡುಕಿ ಎಂದು ಕೇಳುವ ಹಕ್ಕು ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮಿನಲ್ಲಿದೆ. ಬಿಎನ್‌ಎಸ್‌ಎಸ್‌ನ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುತ್ತದೆ. ಪೊಲೀಸರ ಮೇಲಿನ ದೂರಿಗೆ ಪ್ರತ್ಯೇಕ ಪ್ರಾಧಿಕಾರ ಇರಬೇಕೆಂದು 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿತು. ಆದರೆ ಇವೆಲ್ಲ ಒಂದು ಕೇಸು ಅಥವಾ ಒಂದು ದೂರು ಆದ ಮೇಲೆ ಕೆಲಸಕ್ಕೆ ಬರುವಂಥವು. ಏನೂ ಸಿಗದೆ, ಕೇಸೂ ಆಗದೆ ಮನೆಗೆ ಹೋದವನ ಲೆಕ್ಕ ಎಲ್ಲೂ ಇಲ್ಲ. ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಸುಮಾರು ಏಳು ತಪಾಸಣೆ ಹಾಗೇ ಬರಿಗೈಲಿ ಮುಗಿಯುತ್ತವೆ ಎಂದು ಹೇಳಲು ಆಗುವುದು ಇಲ್ಲಿ ಲೆಕ್ಕ ಇಟ್ಟದ್ದರಿಂದ.

ಕೊನೆಗೆ ನಿಮ್ಮ ಮಗನ ವಿಷಯ. ಪ್ಯಾನೆಲ್ ದೂರು ಕೇಳುವ ಜಾಗ ಅಲ್ಲ, ಅಲ್ಲಿ ಅವನ ಕಥೆ ಎತ್ತಬೇಡಿ. ಅದಕ್ಕೆ ಬೇರೆ ದಾರಿ. ಹುಡುಕುವ ಮೊದಲು ಅವನಿಗೆ ಏನು ಹುಡುಕುತ್ತಿದ್ದಾರೆ, ಯಾಕೆ, ಯಾವ ಕಾನೂನಿನಡಿ, ಅಧಿಕಾರಿಯ ಗುರುತು, ಠಾಣೆ ಎಲ್ಲ ಹೇಳಬೇಕಿತ್ತು. ಹೇಳಿದರಾ ಅಂತ ಸಮಾಧಾನದಿಂದ ಕೇಳಿ. ರಸ್ತೆಯಲ್ಲಿ ಕೋಟು, ಜಾಕೆಟ್, ಗ್ಲೌಸ್ ಬಿಟ್ಟು ಬೇರೆ ಬಟ್ಟೆ ತೆಗೆಸುವಂತಿಲ್ಲ. ತೆಗೆಸಿದ್ದರೆ ಅದು ದೊಡ್ಡ ವಿಷಯ. ಅವನು ಹೆಸರು ಹೇಳಲೇಬೇಕು ಅಂತ ಇರಲಿಲ್ಲ. ಹೇಳಿದ್ದರೆ ಅದೇನೂ ತಪ್ಪಲ್ಲ, ಕಾಗದ ಹುಡುಕಲು ಸುಲಭ. ಎರಡು ದಿನ ಯಾಕೆ ಹೇಳಲಿಲ್ಲ ಅಂತ ಗದರಬೇಡಿ. ಮನೆಯಲ್ಲಿ ಇನ್ನೊಂದು ವಿಚಾರಣೆ ಅವನಿಗೆ ಬೇಡ.

ದಾಖಲೆಯ ಪ್ರತಿ ಪಡೆಯುವುದು ಅವನ ಹಕ್ಕು, ದುಡ್ಡು ಕೊಡಬೇಕಿಲ್ಲ. ಆದರೆ ಕೇಳಲು ಮೂರು ತಿಂಗಳಷ್ಟೇ ಸಮಯ. ಮಾರ್ಚ್ 9 ಎಂದಿರಿ, ಅಂದರೆ ಜೂನ್ 9ರ ಒಳಗೆ. ಇಲಾಖೆಯ ವೆಬ್‌ಸೈಟಿನಿಂದಲೇ ಕೇಳಬಹುದು. ದಿನ, ಹೊತ್ತು, ಬಸ್ ಸ್ಟಾಪಿನ ಹೆಸರು ಬರೆಯಿರಿ. ಬಾಡಿ ಕ್ಯಾಮೆರಾದ ವಿಡಿಯೊ ಉಳಿಸಿಡಿ ಎಂದು ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಿ. ಅವನ್ನು ಕೆಲವು ವಾರಗಳಲ್ಲಿ ಅಳಿಸಿಬಿಡುವುದುಂಟು, ಹಾಗಾಗಿ ಈ ಸಾಲಿಗೆ ಜೂನ್ ತನಕ ಕಾಯಬೇಡಿ, ಇವತ್ತೇ ಕಳಿಸಿ. ಗೆಳೆಯನ ತಾಯಿಗೂ ಫೋನ್ ಮಾಡಿ ಹೇಳಿ, ಅವರೂ ಒಂದು ಪ್ರತಿ ಕೇಳಲಿ. ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಇಬ್ಬರನ್ನು ತಡೆದಾಗ ಎರಡು ಕಾಗದದಲ್ಲಿ ಕಾರಣ ಒಂದೇ ಇದೆಯೋ ಬೇರೆ ಬೇರೆ ಇದೆಯೋ, ಪಕ್ಕಪಕ್ಕ ಇಟ್ಟು ಓದಿ. ಕಾರಣ ಒಪ್ಪಿಗೆಯಾಗದಿದ್ದರೆ ದೂರನ್ನು ಆ ಇಲಾಖೆಗೇ ಕೊಡಬೇಕು, ಅಥವಾ ಪೊಲೀಸರ ಮೇಲಿನ ದೂರುಗಳನ್ನು ನೋಡುವ ಐಒಪಿಸಿ ಎಂಬ ಸ್ವತಂತ್ರ ಸಂಸ್ಥೆಯ ಮೂಲಕ. ನಿಮ್ಮ ಮಗನೇ ಕೊಡಬಹುದು, ಅವನು ಬರೆದು ಒಪ್ಪಿದರೆ ನೀವೂ ಕೊಡಬಹುದು. ಕಾಗದ ಬಂದ ಮೇಲೆ, ಹೆಸರು ಅಳಿಸಿ, ಕಾರಣದ ಕಾಲಂನಲ್ಲಿ ಏನಿತ್ತು ಅಂತ ನನಗೂ ಒಂದು ಸಾಲು ಬರೆಯಿರಿ.